ಎಲೆ ಎತ್ತುವ ಪಂದ್ಯ

ಇಸ್ಪೀಟಿನಲ್ಲಿ ನನ್ನನ್ನು ಸೋಲಿಸಿದವರು ಈ ಮೈಸೂರು ಸೀಮೆಯಲ್ಲೇ ಇಲ್ಲ. ಸುಳ್ಳು ಬಿಡಿ, ನಮ್ಮತ್ತೆಯೇ ಸೋಲಿಸಿದ್ದಾರೆ. ಆದರೆ ಕ್ಲಬ್ಬಿನಲ್ಲಿ ಬಡಿಸುವ ಪುಟ್ಟಮಾದಯ್ಯನ ಕತೆ ನಿಜ. ಕೇಳಿ ನೀವು ನಕ್ಕರೆ ನನ್ನ ಟೀ ದುಡ್ಡು ನಿಮ್ಮದು.

ಮಗಳ ಬೀಗರೂಟಕ್ಕೆ ಅವನು ರಜೆ ಕೇಳಿದ. ಸೆಕ್ರೆಟರಿ ರುದ್ರಮೂರ್ತಿ ಮೆಂಬರುಗಳೆದುರು ನಕ್ಕರು. "ಇಸ್ಪೀಟಲ್ಲಿ ನನ್ನ ಮೇಲೆ ಒಂದಾಟ ಗೆದ್ದು ಹೋಗು. ಸೋತರೆ ಅವತ್ತೂ ಇಲ್ಲೇ ಬಡಿಸು."

ಮಾದಯ್ಯನ ಮೈಯೆಲ್ಲ ಉರಿಯಿತು. ಹೆತ್ತ ಮಗಳ ಊಟ ಇವನಿಗೆ ತಮಾಷೆಯೇ?

ತಲಾ ಮೂರೆಲೆ, ಎರಡು ಬಿಚ್ಚಿ, ಒಂದು ಮುಚ್ಚಿ. ಕೂಡಿದರೆ ಕಡಿಮೆ ಬಂದವನೇ ಗೆದ್ದ. ಮಾದಯ್ಯನದು ಎಕ್ಕ, ಅಂದರೆ ಒಂದು, ಜೊತೆಗೆ ನಾಲ್ಕು. ಮುಚ್ಚಿದ್ದು ಮಾತ್ರ ದರಿದ್ರ ರಾಜ, ಲೆಕ್ಕಕ್ಕೆ ಹತ್ತು. ಸೆಕ್ರೆಟರಿಯದು ಎರಡು, ಮೂರು.

ಮಾದಯ್ಯ ಹಲ್ಲು ಕಚ್ಚಿ ಪಂದ್ಯ ಏರಿಸಿದ. "ನಾನು ಸೋತರೆ ಸಾಯೋತನಕ ರಜೆ ಕೇಳಲ್ಲ. ನೀವು ಸೋತರೆ ಬೀಗರೂಟದಲ್ಲಿ ಎಂಜಲೆಲೆ ಎತ್ತಬೇಕು. ಆಗಲ್ಲ ಅಂದ್ರೆ ಆಟ ಬಿಟ್ಟು ರಜೆ ಕೊಡಿ, ಸಾರ್."

ರುದ್ರಮೂರ್ತಿ ಬೆರಳು ಮಡಚಿದರು. "ಮುಚ್ಚಿದ್ದೂ ಸೇರಿ ನನ್ನದು ಒಟ್ಟು ಏಳು. ನಿನಗೆ ಇನ್ನೊಂದು ಎಕ್ಕ ಬಂದಿದ್ರೆ ಮಾತ್ರ ನೀನು ಗೆಲ್ಲೋದು. ಹದಿನೈದಕ್ಕೆ ಒಂದು ಪಾಲೂ ಇಲ್ಲ ಕಣಯ್ಯ!"

"ಆ ಒಂದು ಪಾಲೇ ಬಂದ್ರೆ? ಬೀಗರ ಎಂಜಲು ಸಾರ್, ಮೂಳೆ ಸಮೇತ. ನಾನು ದಿನಾ ಎತ್ತೋನು, ನಂಗೇನು?"

ಮೆಂಬರುಗಳು ಕಿಸಕ್ಕೆಂದರು. ಸೆಕ್ರೆಟರಿ ಕೆಂಪಗಾಗಿ ಎಲೆ ಬಿಸಾಕಿದರು. "ಹಾಳಾಗಿ ಹೋಗು, ರಜೆ ತಗೋ!" ಮರುಕ್ಷಣ ಮಾದಯ್ಯನ ಮುಚ್ಚಿದೆಲೆ ಕಿತ್ತು ಮಗುಚಿದರು. ರಾಜ!

"ಕಳ್ಳ! ನನ್ನ ಲೆಕ್ಕ ಸರಿಯಿತ್ತಲ್ಲೋ!"

"ಲೆಕ್ಕ ಸರೀನೇ ಸಾರ್. ಎಲೆ ಎತ್ತೋಕೆ ನಿಮಗೆ ಕೈ ಬರಲಿಲ್ಲ, ಅಷ್ಟೆ," ಎಂದು ಮಾದಯ್ಯ ಟವೆಲ್ಲು ಕೊಡವಿ ಹೊರಟ.

ಸರಿ, ನಕ್ಕಿದ್ದು ನೀವು. ನನ್ನ ಟೀ ದುಡ್ಡೂ ನೀವೇ ಕೊಟ್ಟುಬಿಡಿ ಸ್ವಾಮಿ.