ಗೋಡೆಯೊಳಗಿನ ಬ್ಲೇಡು

ಈ ಸಂಗತಿಯನ್ನು ನನಗೆ ಹೇಳಿದವರು ಇಬ್ಬರು. ಆಶ್ರಮ ಹೊಳೆಯ ದಂಡೆಯಲ್ಲಿತ್ತು ಎಂದರು ಒಬ್ಬರು. ಅಲ್ಲ, ಕೆರೆ ಎಂದರು ಇನ್ನೊಬ್ಬರು. ಆ ಕಡೆ ಇಬ್ಬರೂ ಹೋದವರಲ್ಲ. ಹೊಳೆ ಎಂದೇ ಇಟ್ಟುಕೊಳ್ಳೋಣ, ಕೇಳಲು ಚೆಂದ.

ಅಲ್ಲೊಬ್ಬರು ಗುರುಗಳಿದ್ದರು. ಎಲ್ಲರೂ ಅವರನ್ನು ಅಜ್ಜಯ್ಯ ಎನ್ನುತ್ತಿದ್ದರು. ಅವರ ಹಿರಿಯ ಶಿಷ್ಯ ನಿರಂಜನ. ವಯಸ್ಸು ನಲವತ್ತರ ಹತ್ತಿರ. ತಲೆ, ಗಡ್ಡ ಎರಡನ್ನೂ ತಾನೇ ಬೋಳಿಸಿಕೊಳ್ಳುತ್ತಿದ್ದ. ಅವನ ಕೆನ್ನೆಯ ಮೇಲೆ ನೊಣ ಕೂತರೆ ಜಾರಿ ಬೀಳುತ್ತಿತ್ತಂತೆ.

ಬ್ಲೇಡು ಮೊಂಡಾದಾಗ ಅದನ್ನು ಬಚ್ಚಲುಮನೆಯ ಮಣ್ಣುಗೋಡೆಯ ಬಿರುಕಿನಲ್ಲಿ ತೂರಿಸುತ್ತಿದ್ದ. ಸರ್ರನೆ ಒಳಗೆ ಹೋಗುತ್ತಿತ್ತು. ಹನ್ನೊಂದು ವರ್ಷ ಹೀಗೇ ನಡೆಯಿತು. ಗೋಡೆ ಒಂದು ದಿನವೂ ಸಾಕು ಎನ್ನಲಿಲ್ಲ.

ಒಮ್ಮೆ ಅವನು ಪಕ್ಕದೂರಿಗೆ ಪ್ರವಚನಕ್ಕೆ ಹೋದ. ವಿಷಯ, ತ್ಯಾಗ. ಮೂರು ದಿನ ಹೇಳಿದ, ಜನ ಎರಡು ದಿನ ಕೇಳಿದರು. ಕೊರಳಲ್ಲಿ ಹಾರ ಹಾಕಿಕೊಂಡೇ ವಾಪಸು ಬಂದ. ಹಿಂದೆ ನಾಲ್ಕು ಜನ ಭಕ್ತರು.

ಬಂದು ನೋಡಿದರೆ ಬಚ್ಚಲುಮನೆಗೆ ಗೋಡೆಯೇ ಇಲ್ಲ.

ಅಂಗಳದಲ್ಲಿ ಕೆಸರಿನ ದೊಡ್ಡ ಗುಡ್ಡೆ. ಪಕ್ಕದಲ್ಲಿ ಗೋಡೆ ಕಟ್ಟುವ ದುರುಗವ್ವ ಸೀರೆ ಎತ್ತಿ ಕಟ್ಟುತ್ತಿದ್ದಳು.

“ಗೋಡೆ ಏನಾಯಿತು?”

“ಹೊಟ್ಟೆ ಬಿಟ್ಟಿತ್ತು ಸ್ವಾಮಿ. ಇವತ್ತೋ ನಾಳೆಯೋ ಬೀಳ್ತಿತ್ತು. ಅಜ್ಜಯ್ಯ ಕೆಡವಿಸಿದ್ರು. ಹಳೇ ಮಣ್ಣು ಬಂಗಾರದಂಥದು, ಅದನ್ನೇ ನೆನೆಹಾಕಿ ಸಲಿಕೇಲಿ ಹುಲ್ಲು ಬೆರೆಸಿದೀನಿ. ಇನ್ನು ತುಳಿಯೋದೊಂದೇ ಬಾಕಿ.”

“ಕಾಲಲ್ಲಾ?”

“ಇನ್ನೇನು, ತಲೇಲಿ ತುಳೀತಾರಾ?”

ನಿರಂಜನ ಅವಳ ಬರಿಗಾಲು ನೋಡಿದ. ಹೇಳಬೇಕಾದದ್ದು ಒಂದೇ ಮಾತು. ಆದರೆ ಹಿಂದೆ ಭಕ್ತರು ನಿಂತಿದ್ದರು.

“ಇವತ್ತು ಬೇಡ,” ಎಂದ.

“ಯಾಕೆ ಸ್ವಾಮಿ?”

“ರಾಹುಕಾಲ.”

“ಸೋಮವಾರದ್ದು ಬೆಳಿಗ್ಗೆನೇ ಮುಗೀತಲ್ಲ?”

“ಹಾಗಾದರೆ ಗುಳಿಕ ಕಾಲ.”

“ಗುಳಿಕ ಕಾಲದಲ್ಲಿ ಮಾಡಿದ್ದು ಮತ್ತೆ ಮತ್ತೆ ಆಗುತ್ತಂತೆ. ನನಗೆ ಕೆಲಸ ಮತ್ತೆ ಮತ್ತೆ ಸಿಕ್ಕರೆ ಬೇಡ ಅಂತೀನಾ?”

ಭಕ್ತರು ನಕ್ಕರು. ನಿರಂಜನನೂ ನಕ್ಕ.

ಮಾತು ಕೇಳಿ ಅಜ್ಜಯ್ಯ ಹೊರಗೆ ಬಂದರು.

“ಕಾಲ ಕೆಟ್ಟದ್ದಾದರೆ ದುರುಗವ್ವ ಬೇಡ. ನಾನೇ ತುಳಿಯುತ್ತೇನೆ. ಈ ವಯಸ್ಸಿನವನ ಹತ್ತಿರ ರಾಹು ಕಿತ್ತುಕೊಳ್ಳುವುದು ಏನಿದೆ?”

ಪಂಚೆ ಮಡಚಿ ಕಟ್ಟಿದರು. ಬಲಗಾಲು ಎತ್ತಿದರು.

“ಬ್ಲೇಡು!” ನಿರಂಜನ ಕಿರುಚಿದ.

ಅಜ್ಜಯ್ಯ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

“ಯಾರದ್ದು?”

“ನನ್ನದು.”

“ಎಷ್ಟಿವೆ?”

“ಗೊತ್ತಿಲ್ಲ ಅಜ್ಜಯ್ಯ. ಹನ್ನೊಂದು ವರ್ಷದ್ದು. ಗೋಡೆ ಬಿರುಕಿನಲ್ಲಿ ಹಾಕುತ್ತಿದ್ದೆ.”

ದುರುಗವ್ವ ಒಂದು ಪಾದ ಮಗುಚಿ ಅಂಗಾಲು ನೋಡಿಕೊಂಡಳು. ಆಮೇಲೆ ಅವನ ನುಣುಪು ಕೆನ್ನೆ ನೋಡಿದಳು. ಬೈದುಬಿಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ಇಷ್ಟು ಹೊತ್ತು ಪಂಚಾಂಗ ಹೇಳಿದ್ರಲ್ಲ ಸ್ವಾಮಿ,” ಎಂದಳು ಮೆಲ್ಲಗೆ. “ಇದೊಂದು ಮಾತು ಹೇಳೋಕೆ ಆಗ್ಲಿಲ್ವಾ?”

ನಿರಂಜನ ಕೊರಳಿನ ಹಾರ ತೆಗೆದ. ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಭಕ್ತರಿಗೆ ಇದ್ದಕ್ಕಿದ್ದಂತೆ ಮನೆಯ ಕೆಲಸ ನೆನಪಾಯಿತು.

“ಬೇಕೆಂದು ಮಾಡಿದ್ದಲ್ಲ ಅಜ್ಜಯ್ಯ. ಬಿಸಾಡಿದೆ ಅಂದುಕೊಂಡಿದ್ದೆ.”

“ಎಲ್ಲಿಗೆ?”

ನಿರಂಜನ ಗೋಡೆಯಿದ್ದ ಜಾಗದತ್ತ ತಿರುಗಿದ.

ಅಜ್ಜಯ್ಯ ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು. ಮುಚ್ಚಳ ಬಿಗಿಯಾಗಿತ್ತು. ಅದರಲ್ಲಿ ಬ್ಲೇಡು ಹೋಗುವಷ್ಟೇ ಅಗಲದ ಸೀಳು. ಡಬ್ಬಿಯ ಮೈಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಒಳಗೆ ಬ್ಲೇಡಿದೆ.

“ಇದು ಯಾರದು ಅಜ್ಜಯ್ಯ?”

“ನನ್ನದು. ತುಂಬಿದ ಮೇಲೆ ಸೀಳು ಮುಚ್ಚಿ, ಕಸ ಒಯ್ಯುವವರ ಕೈಗೇ ಕೊಡುತ್ತೇನೆ. ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ ಕೊಡುತ್ತೇನೆ.”

“ನನಗೆ ಯಾಕೆ ಒಮ್ಮೆಯೂ ಹೇಳಲಿಲ್ಲ?”

“ನೀನು ತ್ಯಾಗದ ಬಗ್ಗೆ ಕೇಳುತ್ತಿದ್ದೆ. ಡಬ್ಬಿಯ ಬಗ್ಗೆ ಕೇಳಲಿಲ್ಲ.”

ಮರುದಿನದಿಂದ ನಿರಂಜನ ಕೋಲಿನಿಂದ ಕೆಸರು ಕೆದಕಿ ಬಿಸಿಲಿಗೆ ಹರಡಿದ. ಒಣಗಿದ ಹೆಂಟೆಗಳನ್ನು ಒಡೆದ. ಜರಡಿ ಹಿಡಿದ. ತುಕ್ಕು ಹಿಡಿದ ಬ್ಲೇಡುಗಳು ಮಣ್ಣಿನ ಬಣ್ಣಕ್ಕೇ ತಿರುಗಿದ್ದವು. ಒಂದೊಂದನ್ನೂ ಇಕ್ಕಳದಲ್ಲಿ ಎತ್ತಿ ಡಬ್ಬಿಗೆ ಹಾಕಿದ.

ದುರುಗವ್ವ ದಿನಾ ಬೆಳಿಗ್ಗೆ ಬೇಲಿಯಾಚೆ ನಿಂತು ಕೇಳುತ್ತಿದ್ದಳು.

“ಆಯ್ತಾ ಸ್ವಾಮಿ?”

“ಇನ್ನೂ ಇಲ್ಲ ದುರುಗವ್ವ.”

“ಗಡ್ಡ ಬೆಳೀತಾ ಐತಲ್ಲ?”

ಅವನು ಮತ್ತೊಂದು ಹೆಂಟೆ ಒಡೆಯುತ್ತಿದ್ದ.

ಮೊದಲ ಸಲ ಜರಡಿ ಹಿಡಿದಾಗ ರಾಶಿ ಸಿಕ್ಕಿತು. ಎರಡನೇ ಸಲ ಏಳೆಂಟು. ಮೂರನೇ ಸಲ ಒಂದು ಮುರುಕು, ಅರ್ಧ ಬ್ಲೇಡು. ನಾಲ್ಕನೇ ಸಲ ಏನೂ ಸಿಗಲಿಲ್ಲ.

ಹತ್ತನೆಯ ದಿನ ಅವನು ಅಜ್ಜಯ್ಯನ ಮುಂದೆ ನಿಂತ. ಬೆನ್ನು ಬಾಗಿತ್ತು, ಕಣ್ಣಲ್ಲಿ ಧೂಳು.

“ಮಣ್ಣು ಸ್ವಚ್ಛವಾಯಿತು ಅಜ್ಜಯ್ಯ. ದುರುಗವ್ವ ಬೇಲಿ ಹತ್ತಿರವೇ ಇದ್ದಾಳೆ. ಕರೆಯಲೇ?”

ಅಜ್ಜಯ್ಯ ಮಣ್ಣಿನ ಗುಡ್ಡೆಯತ್ತ ನೋಡಿದರು.

“ಕರೆಯೋಣ. ಮೊದಲು ನೀನು ಅದರ ಮೇಲೆ ಹತ್ತಿ ಇಳಿ. ಬರಿಗಾಲಲ್ಲಿ.”

ನಿರಂಜನ ಚಪ್ಪಲಿ ಬಿಟ್ಟ. ಗುಡ್ಡೆಯ ಅಂಚಿಗೆ ಹೋದ. ಅಲ್ಲೇ ನಿಂತ. ಹೊಳೆಯ ಕಡೆಯಿಂದ ಗಾಳಿ ಬೀಸಿತು, ಒಂದಿಷ್ಟು ಮಣ್ಣು ಹಾರಿತು. ಅವನು ಕದಲಲಿಲ್ಲ.

“ಯಾಕಪ್ಪ?”

“ಅರ್ಧ ಬ್ಲೇಡು ಸಿಕ್ಕಿತ್ತು ಅಜ್ಜಯ್ಯ.” ಅವನ ದನಿ ಅವನಿಗೇ ಕೇಳುವಂತಿರಲಿಲ್ಲ. “ಇನ್ನರ್ಧ ಸಿಗಲಿಲ್ಲ.”

“ಅವಳನ್ನು ಕರೆಯಲೇ ಎಂದಾಗ ಅದು ನೆನಪಿತ್ತೇ?”

ಅವನು ಹೌದೆಂದು ತಲೆಯಾಡಿಸಿದ. ಕತ್ತು ತಗ್ಗಿಸಿಕೊಂಡೇ ಬಂದು ಜರಡಿ ಎತ್ತಿಕೊಂಡ.

ಅಜ್ಜಯ್ಯ ಬೇಲಿಯ ಕಡೆ ತಿರುಗಿ ಕೂಗಿ ಹೇಳಿದರು:

“ದುರುಗವ್ವ, ನಾಳೆ ಬಾರಮ್ಮ. ಇವನ ಕಾಲಿಗೆ ಇವನ ಮಾತಿನ ಮೇಲೆ ಇನ್ನೂ ನಂಬಿಕೆ ಬಂದಿಲ್ಲ.”