ಡಿಸ್ಕಮ್ಮನ ಮಡಿ

ಫೋಟೋ ಸ್ಟುಡಿಯೋದ ಕಂಪ್ಯೂಟರೊಳಗಿನ ಇನ್ನೊಂದು ಕಂಪ್ಯೂಟರು, ಅಂದ್ರೆ ವರ್ಚುವಲ್ ಮೆಷಿನ್ನಿನಲ್ಲಿ, ಡೇಟಾ ಡಿಸ್ಕಮ್ಮ ಅಂತ ಒಬ್ಬಳಿದ್ಲು. ಊರೋರ ಮದುವೆ ಫೋಟೋಗಳೆಲ್ಲಾ ಅವಳ ಹೊಟ್ಟೇಲೇ. ಮೈತುಂಬಾ ಎನ್‌ಕ್ರಿಪ್ಷನ್ ಬೀಗ ಜಡ್ಕೊಂಡು ಮೆರೀತಿದ್ಲು.

ಪಕ್ಕದಲ್ಲೇ ಸಿಕ್ಕಿಸಿದ್ದ ಪೆನ್‌ಡ್ರೈವು ಕೇಳ್ತು, "ಅಕ್ಕಾ, ನಾಳೆ ಮೆಷಿನ್ನು ಆಫ್ ಮಾಡಿ ಆನ್ ಮಾಡ್ತಾರಂತೆ, ಆಗ ನಿನ್ನ ಬೀಗ ತಾನಾಗೇ ಬೀಳುತ್ತೆ. ಬೀಗದಕೈ ಒಂದು ನನ್ನತ್ರ ಇಟ್ಟಿರೇ."

"ಥೂ, ಮುಟ್ಟಬೇಡ ಕಣೇ, ನಾನು ಮಡೀಲಿದೀನಿ! ಇರೋದೊಂದೇ ಬೀಗದಕೈ, ನನ್ನ ಹೊಟ್ಟೆಯೊಳಗೇ ಭದ್ರವಾಗಿದೆ."

ಪೆನ್‌ಡ್ರೈವು ಮೂಗು ಮುರೀತು.

ಮಾರನೇ ದಿನ ಮೆಷಿನ್ನು ಎದ್ದು ಕೂಗ್ತು, "ಬಾಗಿಲು ತೆಗಿಯಮ್ಮ!"

"ಬೀಗದಕೈ ಒಳಗಿದೆಯಲ್ಲಪ್ಪಾ."

"ತೆಗೆದು ಕೊಡು ಮತ್ತೆ."

"ನೀನು ಮೊದಲು ಬಾಗಿಲು ತೆಗೆದ್ರೆ ಕೊಡ್ತೀನಿ."

ಮೆಷಿನ್ನು ಹಣೆ ಹಣೆ ಚಚ್ಚಿಕೊಂಡು, ಬೇರೆ ದಾರಿ ಕಾಣದೆ, ಅವಳನ್ನ ಪೂರ್ತಿ ಒರೆಸಿಹಾಕ್ತು. ಒಂದು ಫೋಟೋನೂ ಉಳೀಲಿಲ್ಲ.

"ಈಗ ನೋಡು ಡಿಸ್ಕಮ್ಮಾ," ಅಂತು ಪೆನ್‌ಡ್ರೈವು, "ಪಕ್ಕಾ ಮಡಿ. ಒಳಗೊಂದು ಧೂಳೂ ಇಲ್ಲ."