ಬುರ್ಲಿ ಕೂಗದೆ ಬಿತ್ತದ ಸಣ್ಣೀರಮ್ಮ

ಒಂದಾನೊಂದು ಕಾಲದಲ್ಲಿ, ಕಾಲು ಒದೆಯೋದು ನಿಲ್ಲಿಸಿದ್ರೆ ಹೇಳ್ತೀನಿ, ಕಾಚನಗುಡ್ಡದ ಕೆಳಗೆ ಸಣ್ಣೀರಮ್ಮ ಅಂತ ಒಬ್ಬಳಿದ್ದಳಂತೆ. ಅವಳಿಗೆ ಎಂಟೆಕರೆ ಸ್ವಂತ ಹೊಲ, ಮೂರು ಜನ ಗಂಡುಮಕ್ಕಳು, ಮೂವರದೂ ಕೈ ಸುಮ್ಮನಿರೋ ಜಾಯಮಾನ ಅಲ್ಲ. ಅವರ ಮನೇಲಿ ಒಂದು ಪದ್ಧತಿ, ಮಳೆ ಬಿದ್ದ ಮೇಲೆ ಬದುವಿನ ಹುಲ್ಲೊಳಗಿಂದ ಬುರ್ಲಿ ಹಕ್ಕಿ ಕೂಗಬೇಕು, ಆಮೇಲೇ ಬೀಜದ ಮಡಕೆ ಬಿಚ್ಚೋದು. ಬುರ್ಲಿ ಅಂದ್ರೆ ಹಿಡಿಯಷ್ಟು ಮಣ್ಣುಬಣ್ಣದ ಹಕ್ಕಿ, ಹಾರೋದಕ್ಕಿಂತ ಓಡೋದೇ ಜಾಸ್ತಿ.

ಆ ವರ್ಷ ಮಳೆ ಬಂತಂತೆ, ಬುರ್ಲಿ ಕೂಗಲಿಲ್ಲವಂತೆ. ಊರೆಲ್ಲ ಬಿತ್ತಿ ಮುಗಿಸಿದರೂ ಇವಳು ಮಡಕೆ ಬಿಚ್ಚಲಿಲ್ಲ. ನಮ್ಮತ್ತೆ ಬಿಚ್ಚಿಲ್ಲ, ನಾನೂ ಬಿಚ್ಚಲ್ಲ, ಹಗೇವಿನ ಗುಂಡೀಲಿ ಹಳೇ ರಾಗಿ ಇದೆ, ಅದನ್ನೇ ತಿನ್ನಿ ಅಂದಳಂತೆ. ಮಕ್ಕಳು ತಲೆ ಚಚ್ಚಿಕೊಂಡರಂತೆ.

ಹಿರಿಯವನು ಸಿದ್ದೀರ, ಸಂತೆಯಿಂದ ಪಂಜರದ ತುಂಬ ಸಾಕಿದ ಬುರ್ಲಿ ತಂದು ಹೊಲಕ್ಕೆ ಬಿಟ್ಟನಂತೆ. ಅವು ಬಯಲಲ್ಲಿ ಸಾಲಾಗಿ ನಿಂತು ಯಾರಾದರೂ ಕಾಳು ಹಾಕ್ತಾರಾ ಅಂತ ಕಾದವಂತೆ, ಕಾಳಿನ ಬದಲು ಮುಂಗುಸಿ ಬಂತಂತೆ. ಆಮೇಲೆ ನಡುವಲವ ಮೂಡ್ಲ, ಬಾವಿಕಟ್ಟೆ ಹಿಂದೆ ಕೂತು ತಾನೇ ಬುರ್ಲಿ ಥರ ಕೂಗಿದನಂತೆ. ಸಣ್ಣೀರಮ್ಮ ಮಡಕೆ ಹೊತ್ತು ಓಡಿ ಬಂದಳು, ಅಷ್ಟರಲ್ಲಿ ಹಕ್ಕಿಗೆ ಬೀಡಿ ಕೆಮ್ಮು ಬಂತಂತೆ. ಕೆಮ್ಮೋ ಬುರ್ಲಿನ ನಾನೇ ಹೆತ್ತಿದ್ದು, ಎದ್ದು ಬಾರೋ ಅಂದಳಂತೆ. ನಗಬೇಡ, ನಿದ್ದೆ ಹಾರಿಹೋಗುತ್ತೆ.

ಆಮೇಲೆ ಕಿರಿಯ ಬೈರ, ಇವನು ಇನ್ನೂ ಬುದ್ಧಿವಂತ. ಹಕ್ಕಿ ಬರೋ ಜಾಗ ಚೊಕ್ಕ ಇರಬೇಕು ಅಂತ ಬದುವಿನ ಚೂರುಪಾರು ಹುಲ್ಲನ್ನೂ ಕೆತ್ತಿ, ಮುಳ್ಳುಪೊದೆಗೆ ಬೆಂಕಿಯಿಟ್ಟು, ಗುಡಿಸಿ, ನವಣೆ ಚೆಲ್ಲಿದನಂತೆ. ಗುಡ್ಡದ ಕಡೆಯಿಂದ ನಿಜವಾದ ಬುರ್ಲಿನೇ ಒಂದು ಬಂತು ಕಣೆ. ಬರ್ತಿದ್ದ ಹಾಗೇ ಮೇಲೆ ಗಿಡುಗದ ನೆರಳು. ಅಡಗೋಕೆ ಅತ್ತ ಓಡಿತು, ಇತ್ತ ಓಡಿತು, ಎಂಟೆಕರೇಲಿ ಒಂದು ಗರಿಕೆ ಮರೆ ಇಲ್ಲ. ಕೊನೆಗೆ ಸಣ್ಣೀರಮ್ಮನ ಸೀರೆ ನೆರಿಗೆಯೊಳಗೆ ನುಗ್ಗಿತಂತೆ. ಅದರ ಎದೆ ಹೊಡಕೊಳ್ಳೋದು ಅವಳ ಕಾಲಿಗೆ ಗೊತ್ತಾಯಿತಂತೆ.

ಆಗ ಬಂತು ನೋಡು ಸಿಟ್ಟು. ಊರು ಮೆಚ್ಚಲಿ ಅಂತ ವರ್ಷ ವರ್ಷ ಬದು ಕೆತ್ತಿದಿರಿ, ಕೆತ್ತಿ ಅಂದವಳೂ ನಾನೇ. ಇನ್ನು ಕುಡುಗೋಲು, ಬೆಂಕಿಪೊಟ್ಟಣ, ಮೇಕೆ, ಮೂರೂ ಬದುವಿನ ಹತ್ತಿರ ಬರಕೂಡದು ಅಂದಳಂತೆ. ಮತ್ತೇನು ಮಾಡಬೇಕವ್ವ ಅಂದ ಸಿದ್ದೀರ. ಏನೂ ಮಾಡಬೇಡಿ ಅಂದಳು. ಏನೂ ಅಂದ್ರೆ ಎಷ್ಟು ಅಂದ ಮೂಡ್ಲ. ಅವಳು ಹಣೆ ಹಿಡಕೊಂಡು ಕೂತಳಂತೆ.

ಸುಮ್ಮನಿರೋದು ಆ ಮೂವರಿಗೆ ಎಂಥ ಕಷ್ಟ ಅಂತೀಯ. ಮೊದಲನೇ ವರ್ಷ ಹುಲ್ಲು ಮೊಣಕಾಲಿಗೆ ಬಂತು, ಸೋಮಾರಿಗಳ ಹೊಲ ಅಂತ ಊರು ನಕ್ಕಿತು. ಎರಡನೇ ವರ್ಷ ಕಾರೆ ಪೊದೆ ಎದ್ದವು, ಬೈರ ಕುಡುಗೋಲು ಹಿಡಿದು ಬದುವಿನವರೆಗೂ ಹೋಗಿ, ಅದರಲ್ಲಿ ಬೆನ್ನು ತುರಿಸಿಕೊಂಡು ವಾಪಸ್ ಬಂದ. ಹಗೇವಿನ ತಳ ಕಾಣ್ತಾ ಬಂತು. ಮೂರನೇ ವರ್ಷ ಮಳೆ ಬಿದ್ದ ಮಾರನೇ ಬೆಳಗ್ಗೆ ಹುಲ್ಲೊಳಗಿಂದ ಕೂಗು ಕೇಳಿತಂತೆ. ಸಣ್ಣೀರಮ್ಮ ಮೊದಲು ಮಕ್ಕಳನ್ನ ಎಣಿಸಿದಳು. ಮೂವರೂ ಎದುರಿಗೇ ಕೂತು ಮುದ್ದೆ ನುಂಗ್ತಿದ್ದರಂತೆ.

ಆಮೇಲೆ ಮಡಕೆ ಬಿಚ್ಚಿದರು, ನೇಗಿಲು ಹೂಡಿದರು. ನೇಗಿಲು ತಿರುಗೋ ಕಡೆ, ಹುಲ್ಲಿನ ಬುಡದಲ್ಲಿ ಏಳು ಮೊಟ್ಟೆ. ಸುತ್ತಿ ಹೋದ್ರೆ ಸಾಲು ಸೊಟ್ಟ ಆಗುತ್ತಲ್ಲವ್ವ, ಮತ್ತೆ ನಗ್ತಾರೆ ಅಂದ ಮೂಡ್ಲ. ನಗಲಿ, ಸುತ್ತಿ ಹೊಡಿ ಎತ್ತು ಅಂದಳಂತೆ. ರಾಗಿ ಸೊಟ್ಟಗೇ ಹುಟ್ಟಿ, ಸೊಟ್ಟಗೇ ಬೆಳೆದು, ತೆನೆ ಮಾತ್ರ ಗಟ್ಟಿಯಾಗಿ ಬಿಟ್ಟಿತಂತೆ. ಮಕ್ಕಳೂ ಉಂಡರು, ಬುರ್ಲಿ ಮರಿಗಳೂ ಉಂಡವು. ಅಲ್ಲಿಗೆ ಅವರ ಕತೆ ಮುಗೀತು, ನನ್ನ ನಾಲಿಗೆಯೂ ಒಣಗಿತು.